ಮೊದಲ ನೆರೆಮನೆಯ ಕಮಾನು

ಒಂದು ಗುರುವಾರ ಮಧ್ಯಾಹ್ನ ಪಕ್ಕದ ಮನೆಯ ರೂಲಫ್, ಹಾಲಿಂಕರ ಅಡುಗೆಮನೆಗೆ ಬಂದು, ಮರದ ಮೆಟ್ಟುಗಳನ್ನು ಬಾಗಿಲಾಚೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, ತಾನು ಮದುವೆಯಾಗುತ್ತಿದ್ದೇನೆ ಎಂದ. ವೋಲ್ಟರ್ ಹಾಲಿಂಕ್ ಕಾಫಿ ಬಗ್ಗಿಸುತ್ತಿದ್ದವನು ಬಗ್ಗಿಸುತ್ತಲೇ ಇದ್ದ. ಆಮೇಲೆ ಬಿಸ್ಕತ್ತಿನ ಡಬ್ಬಿ ತೆರೆದು ಮುಂದೆ ಹಿಡಿದ. ರೂಲಫ್ ಒಂದು ತೆಗೆದುಕೊಂಡ, ಮುಚ್ಚಳ ಮತ್ತೆ ಮುಚ್ಚಿತು. ಮದುವೆಯೇ ಆಗಲಿ ಸಾವೇ ಆಗಲಿ, ನಮ್ಮ ಎಲ್ಸನ್ ಹಳ್ಳಿಯಲ್ಲಿ ಕಾಫಿಗೆ ಬಿಸ್ಕತ್ತು ಒಂದೇ ಒಂದು.

ಯಾರನ್ನು ಎಂದು ವೋಲ್ಟರ್ ಕೇಳಲಿಲ್ಲ. ಹಾರ್ಲೆಮ್ ಕಡೆಯಿಂದ ಬಂದ ಸ್ಟೈನ್ ಎಂಬ ನರ್ಸು ಒಂಬತ್ತು ವರ್ಷದಿಂದ ರೂಲಫನ ಮನೆಯಲ್ಲಿದ್ದ. ಅಷ್ಟು ವರ್ಷವೂ ವೋಲ್ಟರ್ ಅವನನ್ನು 'ಬಾಡಿಗೆಯವನು' ಎಂದೇ ಕರೆಯುತ್ತ ಬಂದಿದ್ದ. ಈ ಬಾಡಿಗೆಯವನು ಯಜಮಾನನ ಹಸುವಿನ ಹೆರಿಗೆಗೆ ಎದ್ದು ಬರುತ್ತಿದ್ದ, ಯಜಮಾನನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ, ಯಜಮಾನನ ತಾಯಿ ಸತ್ತಾಗ ಮಗನಿಗಿಂತ ಹೆಚ್ಚು ಅತ್ತಿದ್ದ. ಬಾಡಿಗೆ ಎಷ್ಟು ಎಂದು ಮಾತ್ರ ಯಾರೂ ಕೇಳಿದವರಲ್ಲ. ವೋಲ್ಟರ್ ಕಟ್ಟುನಿಟ್ಟಿನ ಕ್ರೈಸ್ತ ಸಭೆಯ ಹಿರಿಯ, ಚರ್ಚಿನಲ್ಲಿ ಮುಂದಿನ ಬೆಂಚಿನವನು. ಅವನು ಕಣ್ಣಿಗೆ ಕಂಡದ್ದನ್ನು ಕಾಣದವನಂತಿದ್ದ. ಅದಕ್ಕೆ ಪ್ರತಿಯಾಗಿ ಆ ಇಬ್ಬರು ದೇವರ ವಿಶ್ರಾಂತಿ ದಿನವಾದ ಭಾನುವಾರ ಬಟ್ಟೆ ಒಣಹಾಕುತ್ತಿರಲಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಹೊರಗೆ ತೆಗೆಯುತ್ತಿರಲಿಲ್ಲ. ಹೇಳದೆ ಬಿಟ್ಟ ಮಾತುಗಳ ಮೇಲೆ ಎರಡು ಮನೆ ಸುಖವಾಗಿದ್ದವು.

"ಮೇ ತಿಂಗಳಲ್ಲಿ," ಎಂದ ರೂಲಫ್. "ಶುಕ್ರವಾರ ಇಟ್ಕೊಂಡಿದೀವಿ. ಶನಿವಾರ ಇಟ್ರೆ ಕುಣಿತ ಭಾನುವಾರಕ್ಕೆ ಜಾರಿಬಿಡುತ್ತೆ, ನಿಮಗೆ ಬೇಜಾರು."

"ಹೂಂ."

"ಇನ್ನು ಕಮಾನಿನ ವಿಷಯ." ರೂಲಫ್ ನೆಲ ನೋಡಿದ. "ಅದನ್ನ ನೀವು ಕಟ್ಟಲೇಬೇಕು ಅಂತಿಲ್ಲ ವೋಲ್ಟರ್. ನಿಮ್ಮ ನಂಬಿಕೆ ನಿಮ್ಮದು. ನಮಗೆ ಅರ್ಥ ಆಗುತ್ತೆ."

ಇಷ್ಟು ಹೇಳಿ, ಬಟ್ಟಲು ತೊಳೆದಿಟ್ಟು, ಕಿಟಕಿಯ ಬಳಿ ಕುಳಿತಿದ್ದ ಮುದುಕಿಗೆ "ಬರ್ತೀನಿ ಗೇಸ್ಯಜ್ಜಿ" ಎಂದು ಹೋದ. ವೋಲ್ಟರ್‌ಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು.

ನಮ್ಮಲ್ಲಿ ಮೊದಲ ನೆರೆ ಎನ್ನುವುದು ಮನೆಗೆ ಅಂಟಿದ ಪದವಿ, ಮನುಷ್ಯನಿಗಲ್ಲ. ಹಾಲಿಂಕರ ಮನೆ ರೂಲಫನ ಮನೆಗೆ ಮೊದಲ ನೆರೆ, ರೂಲಫನ ಮನೆ ಹಾಲಿಂಕರ ಮನೆಗೆ. ಅಲ್ಲಿ ಮದುವೆಯಾದರೆ ಇಲ್ಲಿಯವರು ದೇವದಾರು ರೆಂಬೆ ಕಡಿದು, ಕಾಗದದ ಬಿಳಿ ಗುಲಾಬಿ ಕಟ್ಟಿ, ಆ ಮನೆಯ ದೊಡ್ಡ ಬಾಗಿಲಿಗೆ ಹಸಿರು ಕಮಾನು ನಿಲ್ಲಿಸಬೇಕು. ಇಲ್ಲಿ ಸಾವಾದರೆ ಅಲ್ಲಿಯವರು ಬಂದು ಮನೆ ನಡೆಸಿ, ಊರಿಗೆ ಸುದ್ದಿ ಹೇಳಿ, ಶವಪೆಟ್ಟಿಗೆಗೆ ಹೆಗಲು ಕೊಡಬೇಕು. ಇವರ ಅಜ್ಜಂದಿರು ಒಂದು ಕಾಲುವೆಯ ಗಡಿಗಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಆ ವರ್ಷಗಳಲ್ಲೂ ಒಂದು ಮದುವೆ ಬಂತು, ಒಂದು ಸಾವು ಬಂತು. ವೋಲ್ಟರ್‌ನ ಅಜ್ಜ ತುಟಿ ಬಿಚ್ಚದೆ ಕಮಾನು ಕಟ್ಟಿದ, ರೂಲಫನ ಅಜ್ಜ ತುಟಿ ಬಿಚ್ಚದೆ ಪೆಟ್ಟಿಗೆ ಹೊತ್ತ. ಮಾತು ಬಿಟ್ಟಿದ್ದರು, ಋಣ ಬಿಟ್ಟಿರಲಿಲ್ಲ.

ಈಗ ಈ ಹುಡುಗ ಬಂದು ಬಿಸ್ಕತ್ತು ತಿಂದು, 'ಬೇಡ, ಅರ್ಥ ಆಗುತ್ತೆ' ಎನ್ನುತ್ತಾನೆ.

"ಏನಂದ?" ಎಂದಳು ಗೇಸ್ಯೆ. ವೋಲ್ಟರ್‌ನ ತಾಯಿ, ತೊಂಬತ್ತು ದಾಟಿದವಳು. ಕಾಲು ಸೋತಿತ್ತು, ಪತ್ರಿಕೆಯ ಸಣ್ಣ ಅಕ್ಷರವನ್ನು ದಿನಾ ಬೆಳಿಗ್ಗೆ ರೂಲಫನೇ ಬಂದು ಓದಿ ಹೇಳಬೇಕಿತ್ತು, ಆದರೆ ಕಿವಿ ಸೋತಿರಲಿಲ್ಲ.

"ಕೇಳಿಸ್ಲಿಲ್ವಾ?"

"ಕೇಳಿಸ್ತು. ನಿನ್ನ ಬಾಯಲ್ಲಿ ಹೇಗೆ ಬರುತ್ತೋ ನೋಡೋಣ ಅಂತ."

"ಕಮಾನು ಬೇಡ ಅಂದ."

"ಒಳ್ಳೇದೇ ಆಯ್ತಲ್ಲ. ನಿನ್ನ ತಲೆನೋವು ಕಳೀತು."

"ಬೇಡ ಅನ್ನೋಕೆ ಅವನ್ಯಾರಮ್ಮ? ಇನ್ನೂರು ವರ್ಷದಿಂದ ಈ ಮನೆ ಕಟ್ತಾ ಬಂದಿದೆ."

"ಹಾಗಾದ್ರೆ ಕಟ್ತೀಯಾ?"

ವೋಲ್ಟರ್ ಬಿಸ್ಕತ್ತಿನ ಡಬ್ಬಿ ಎತ್ತಿಟ್ಟ. ಅವನ ನಂಬಿಕೆ ತೋರಿಕೆಯದಾಗಿರಲಿಲ್ಲ. ಗಂಡು ಗಂಡನ್ನು ಮದುವೆಯಾಗುವುದು ತಪ್ಪು ಎಂದು ಅವನಿಗೆ ಹಾಲು ಬಿಳಿ ಎಂಬಷ್ಟೇ ಖಚಿತವಾಗಿತ್ತು. "ಕಟ್ಟೋಕಾಗಲ್ಲ," ಎಂದ.

"ಕಟ್ಟೋಕೂ ಆಗಲ್ಲ, ಬಿಡೋಕೂ ಆಗಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಕೊಂಡು ಕೂತ್ಕೋ. ಆದ್ರೆ ಒಂದು ಹೇಳು ಮಗಾ. ಇವತ್ತು ಕಮಾನು ತಪ್ಪಿದ್ರೆ ನಾಳೆ ನನ್ನ ಪೆಟ್ಟಿಗೆ ಯಾರು ಹೊರ್ತಾರೆ? ಆ ಮೂರನೇ ಮನೆಯ ಹೆರ್ಮೀನಳಾ? ಅವಳು ಸೈಕಲ್ಲಿನ ಹಿಂದೆ ಕಟ್ಕೊಂಡು ಹೋಗ್ತಾಳೆ."

ಮುದುಕಿ ನಗೆಯಾಡಿದ್ದಳು, ಆದರೆ ಅದು ನಗೆಮಾತಲ್ಲವೆಂದು ವೋಲ್ಟರ್‌ಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಅವನ ಹೆಂಡತಿಯ ಪೆಟ್ಟಿಗೆಯ ತಲೆಯ ಕಡೆ ರೂಲಫ್ ಒಂದು ಹೆಗಲು ಕೊಟ್ಟಿದ್ದ, ಬಾಡಿಗೆಯವನು ಇನ್ನೊಂದು ಕೊಟ್ಟಿದ್ದ. ತಾಯಿ ಅದನ್ನು ಈ ಕಿಟಕಿಯಿಂದಲೇ ನೋಡಿದ್ದಳು. ತಾನೂ ಹಾಗೇ ಹೊರಡಬೇಕು ಎನ್ನುವುದೊಂದೇ ಅವಳಿಗಿದ್ದ ಆಸೆ.

ಮರುದಿನ ಹೆರ್ಮೀನ್ ಬಂದಳು. ಎಲ್ಸನ್‌ನ ನೆರೆಸಾಲಿನ ಮೂರನೆಯ ಮನೆಯವಳು, ಪುರಸಭೆಯಲ್ಲಿ ಪ್ರಗತಿಪರರ ಸದಸ್ಯೆ. ಶಾಲೆಯಲ್ಲಿ ವೋಲ್ಟರ್‌ನ ಪಕ್ಕದ ಬೆಂಚಿನಲ್ಲಿ ಕುಳಿತು ಅವನ ಪೆನ್ಸಿಲ್ ಕದಿಯುತ್ತಿದ್ದವಳು. ಐವತ್ತು ವರ್ಷ 'ನೀನು' ಎಂದೇ ಜಗಳವಾಡಿಕೊಂಡು ಬಂದವಳು ಅಂದು ಮೊದಲ ಸಲ 'ನೀವು' ಎಂದಳು.

"ವೋಲ್ಟರ್, ನಿಮ್ಮ ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ನನಗೆ ತುಂಬಾ ಗೌರವ ಇದೆ."

"ಏನಾಗಿದೆ ನಿನಗೆ? ಜ್ವರವಾ?"

"ಇಲ್ಲ, ನಿಜವಾಗಿ. ನಿಮ್ಮನ್ನ ಯಾರೂ ಬಲವಂತ ಮಾಡಬಾರದು. ಅದಕ್ಕೇ ಕಮಾನಿನ ಕೆಲಸ ನಾನೇ ವಹಿಸ್ಕೊಂಡಿದೀನಿ. ಗುಲಾಬಿ ಅವರ ಕಾಮನಬಿಲ್ಲಿನ ಬಾವುಟದ ಆರು ಬಣ್ಣದಲ್ಲಿ ಮಾಡ್ತೀವಿ. ನಿಮ್ಮ ಕೊಟ್ಟಿಗೆಯಲ್ಲಿರೋ ಕಬ್ಬಿಣದ ಚೌಕಟ್ಟು ಒಂದು ಬೇಕಿತ್ತು, ಆದ್ರೆ ಅದನ್ನ ಕೇಳಿದ್ರೂ ನಿಮ್ಮ ಮನಸ್ಸಾಕ್ಷಿಗೆ ಭಾರ ಆಗಬಹುದು. ಅಂಗಡಿಯಿಂದ ಪ್ಲಾಸ್ಟಿಕ್ಕಿನದು ತರಿಸ್ತೀವಿ."

"ನನ್ನ ಮನಸ್ಸಾಕ್ಷಿ ನಿನ್ನ ಹತ್ರ ಯಾವಾಗಿಂದ ಇದೆ?"

"ನೋಡಿ, ನಾವು ಹೀಗೆ ಮಾತಾಡಬಾರದು," ಎಂದಳು ಹೆರ್ಮೀನ್, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ. ಜಗಳವಾಡಿದ್ದರೆ ವೋಲ್ಟರ್‌ಗೆ ಎಷ್ಟೋ ಹಿತವಾಗುತ್ತಿತ್ತು.

ಶನಿವಾರ ಪಾದ್ರಿ ವೆರ್ಮಾಸ್ ಬಂದರು. ವೋಲ್ಟರ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. "ಸಹೋದರ, ನೀವು ದೃಢವಾಗಿ ನಿಂತಿದ್ದೀರಿ ಅಂತ ಕೇಳಿ ಸಭೆಗೆಲ್ಲ ಸಂತೋಷವಾಗಿದೆ."

"ನಾನು ಇನ್ನೂ ಎಲ್ಲೂ ನಿಂತಿಲ್ಲ ಪಾದ್ರಿಗಳೇ. ಯೋಚನೆ ಮಾಡ್ತಾ ಕೂತಿದೀನಿ."

"ನಿಮ್ಮ ವಿನಯ ನಿಮ್ಮ ಬಾಯಲ್ಲಿ ಮಾತಾಡ್ತಿದೆ," ಎಂದು ಪಾದ್ರಿಗಳು ಕಾಫಿ ಕುಡಿದರು.

ಮರುದಿನ ಚರ್ಚಿನ ಪ್ರವಚನದಲ್ಲಿ, ಲೋಕದ ಪ್ರವಾಹಕ್ಕೆ ಎದುರಾಗಿ ಬಂಡೆಯಂತೆ ನಿಂತ ಒಬ್ಬ ಸಹೋದರನ ಮಾತು ಬಂತು. ಬೆಂಚುಗಳಲ್ಲಿ ಪೆಪ್ಪರ್‌ಮಿಂಟು ಕೈಯಿಂದ ಕೈಗೆ ದಾಟಿಸಿ ಚೀಪುತ್ತಿದ್ದವರೆಲ್ಲ ಒಮ್ಮೆಗೇ ವೋಲ್ಟರ್‌ನತ್ತ ತಿರುಗಿದರು. ಬಂಡೆಗೆ ಬೆವರು ಕಿತ್ತುಕೊಂಡಿತು.

ಹೀಗೆ ವೋಲ್ಟರ್ ಕಟ್ಟಬಾರದು ಎನ್ನುವ ವಿಷಯದಲ್ಲಿ ಎಡದವರಿಗೂ ಬಲದವರಿಗೂ ಹಿಂದೆಂದೂ ಇರದಷ್ಟು ಒಮ್ಮತ ಬೆಳೆಯಿತು. ಪುರಸಭೆಯಲ್ಲಿ ಪಾದ್ರಿಗಳ ಪಕ್ಷದವರೂ ಹೆರ್ಮೀನಳ ಪಕ್ಷದವರೂ ಸೇರಿ, ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ಕಮಾನು ಕಟ್ಟುವಂತೆ ಒತ್ತಾಯಿಸತಕ್ಕದ್ದಲ್ಲ ಎಂದು ಸರ್ವಾನುಮತದ ನಿರ್ಣಯ ಮಾಡಿದರು. ಹಿಂದೆ ಚರಂಡಿಯ ವಿಷಯದಲ್ಲೂ ಒಂದಾಗದಿದ್ದ ಜನ ಪರಸ್ಪರ ಕೈ ಕುಲುಕಿದರು. ಭಿನ್ನಾಭಿಪ್ರಾಯವಿದ್ದರೂ ಸಭ್ಯವಾಗಿರುವುದು ಹೇಗೆ ಎಂದು ಕಲಿಸಲು ಸಮುದಾಯ ಭವನದಲ್ಲಿ ಒಂದು ಸಂಜೆಯನ್ನೂ ಏರ್ಪಡಿಸಿದರು. ಪಟ್ಟಣದಿಂದ ಬಂದ ಹೆಂಗಸೊಬ್ಬಳು ಎಲ್ಲರನ್ನೂ ಸುತ್ತ ಕೂರಿಸಿ ಉಲ್ಲನ್ನಿನ ಚೆಂಡೊಂದನ್ನು ಕೊಟ್ಟಳು. ಚೆಂಡು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು, 'ನನಗೆ ಅನ್ನಿಸುತ್ತದೆ' ಎಂದೇ ಶುರುಮಾಡಬೇಕು. ಎಲ್ಲರಿಗೂ ಗೌರವವೆನ್ನಿಸಿತು. ರೂಲಫ್ ಬಂದಿರಲಿಲ್ಲ, ಅವನಿಗೆ ಹಾಲು ಕರೆಯುವ ಹೊತ್ತು. ಚೆಂಡು ವೋಲ್ಟರ್‌ನ ಕೈಗೆ ಬಂದಾಗ ಅವನು ಅದನ್ನು ಬಹಳ ಹೊತ್ತು ನೋಡಿದ.

"ನನಗೆ ಅನ್ನಿಸುತ್ತೆ, ಕಾಫಿ ತಣ್ಣಗಾಗಿದೆ," ಎಂದು ಮುಂದೆ ದಾಟಿಸಿದ.

ಅವನ ಸ್ವಾತಂತ್ರ್ಯಕ್ಕಾಗಿ ಇಡೀ ಊರು ಇಷ್ಟೆಲ್ಲ ಶ್ರಮಪಟ್ಟಿತು. ನಿನಗೇನು ಬೇಕು ಎಂದು ಅವನನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಕೊಟ್ಟಿಗೆಯ ಗೋಡೆಯಲ್ಲಿ ತೂಗುತ್ತಿದ್ದ ಅಜ್ಜನ ಕಬ್ಬಿಣದ ಚೌಕಟ್ಟನ್ನು ನೋಡಿದಾಗಲೆಲ್ಲ ಅವನಿಗೆ ತನ್ನನ್ನು ಮನೆಯಿಂದ ಹೊರಗೆ ಹಾಕಿದಂತೆ ದುಃಖವಾಗುತ್ತಿತ್ತು. ಪ್ರಾರ್ಥನೆ ಮಾಡಿದ. ದೇವರೂ ಸಭ್ಯನಾಗಿಬಿಟ್ಟಿದ್ದ, ಏನೂ ಹೇಳಲಿಲ್ಲ.

ಮದುವೆಗೆ ಕೆಲವೇ ದಿನ ಉಳಿದಾಗ ಒಂದು ಬೆಳಿಗ್ಗೆ ವೋಲ್ಟರ್ ಕೊಡಲಿ ತೆಗೆದುಕೊಂಡು ಮರಗಳ ಸಾಲಿಗೆ ಹೋದ. ಟ್ರ್ಯಾಕ್ಟರ್ ತುಂಬ ರೆಂಬೆ ತಂದು ಸುರಿದಾಗ ಗೇಸ್ಯೆ ಕಿಟಕಿ ತೆರೆದಳು.

"ಏನೋ ಅದು?"

"ಕಮಾನು ಮನೆಯದು," ಎಂದ ವೋಲ್ಟರ್, ಮೊದಲೇ ಬಾಯಿಪಾಠ ಮಾಡಿಟ್ಟವನಂತೆ. "ಈ ಮನೆ ಆ ಮನೆಗೆ ಕಟ್ಟುತ್ತೆ. ಅದರ ಕೆಳಗೆ ಯಾರು ಯಾರ ಕೈ ಹಿಡಿದು ಹೋಗ್ತಾರೋ, ಅದು ಅವರಿಗೂ ದೇವರಿಗೂ ಬಿಟ್ಟದ್ದು. ನಾನು ಶುಭಾಶಯ ಹೇಳಲ್ಲ. ಊಟಕ್ಕೂ ಹೋಗಲ್ಲ."

"ಬಿಳಿ ಕಾಗದ ತಾ," ಎಂದಳು ತಾಯಿ.

ಪದ್ಧತಿಯ ಪ್ರಕಾರ ಗುಲಾಬಿ ಕಟ್ಟಲು ನೆರೆಹೊರೆಯವರೆಲ್ಲ ಮೊದಲ ನೆರೆಯ ಕೊಟ್ಟಿಗೆಯಲ್ಲಿ ಸೇರಬೇಕು, ಹಾಡಬೇಕು, ಕುಡಿಯಬೇಕು. ಈ ಸಲ ಎಲ್ಲರೂ ಹೆರ್ಮೀನಳ ಜೊತೆ ಸಮುದಾಯ ಭವನದಲ್ಲಿ ಆರು ಬಣ್ಣದ ಕಾಗದ ಕತ್ತರಿಸುತ್ತಿದ್ದರು. ಹಾಲಿಂಕರ ಅಡುಗೆಮನೆಯಲ್ಲಿ ಒಬ್ಬ ಮುದುಕಿ, ಒಬ್ಬ ಮಗ. ತಾಯಿಯ ಬೆರಳು ನಡುಗುತ್ತಿದ್ದರೂ ಗುಲಾಬಿ ಅರಳುತ್ತಿತ್ತು. ವೋಲ್ಟರ್ ಕಟ್ಟಿದ್ದು ಎಲೆಕೋಸಿನಂತಿತ್ತು.

"ನೀನು ರೆಂಬೆ ನೋಡ್ಕೋ," ಎಂದು ತಾಯಿ ಕಾಗದ ಕಿತ್ತುಕೊಂಡಳು.

ಗುರುವಾರ ಹಾಡಹಗಲಲ್ಲೇ ವೋಲ್ಟರ್ ಕಮಾನನ್ನು ಟ್ರ್ಯಾಕ್ಟರ್ ಮೇಲೆ ಹೇರಿಕೊಂಡು ರೂಲಫನ ಅಂಗಳಕ್ಕೆ ಹೋದ. ರೂಲಫ್ ಹೊರಗೆ ಬಂದ, ಅವನ ಹಿಂದೆ ಸ್ಟೈನ್ ಬಂದ. ವೋಲ್ಟರ್ ಇಳಿದು ಟೋಪಿ ತೆಗೆದ.

"ಮೊದಲೇ ಹೇಳಿಬಿಡ್ತೀನಿ," ಎಂದ. "ನೀವು ಮಾಡ್ತಿರೋದು ತಪ್ಪು. ದೇವರ ವಾಕ್ಯದಲ್ಲಿ ಸ್ಪಷ್ಟವಾಗಿದೆ. ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ."

"ಗೊತ್ತು," ಎಂದ ರೂಲಫ್.

"ನಿಮ್ಮ ಅಭಿಪ್ರಾಯ ನಮಗೂ ತಪ್ಪು ಅನ್ನಿಸುತ್ತೆ," ಎಂದ ಸ್ಟೈನ್. "ತುಂಬಾ ತಪ್ಪು. ಒಂಬತ್ತು ವರ್ಷದಿಂದ ಹೇಳಬೇಕು ಅಂತಿದ್ದೆ."

"ಸರಿ. ಏಣಿ ಹಿಡ್ಕೋ."

ಸ್ಟೈನ್ ಏಣಿ ಹಿಡಿದ. ವೋಲ್ಟರ್ ಮೇಲೆ ಹತ್ತಿ ಕಟ್ಟಿದ. ರೂಲಫ್ ಅಂಗಳದ ನಡುವೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, "ಇನ್ನು ಸ್ವಲ್ಪ ಎಡಕ್ಕೆ," ಎಂದ. ಸಮುದಾಯ ಭವನದ ಇಡೀ ಸಂಜೆಯಲ್ಲಿ ಯಾರೂ ಯಾರೊಂದಿಗೂ ಇಷ್ಟು ಮಾತಾಡಿರಲಿಲ್ಲ.

ಅಷ್ಟರಲ್ಲಿ ಹೆರ್ಮೀನ್ ತನ್ನ ಪ್ಲಾಸ್ಟಿಕ್ ಕಮಾನಿನೊಂದಿಗೆ ಬಂದಳು. ಬಾಗಿಲಲ್ಲಿ ಜಾಗವಿರಲಿಲ್ಲ. ಒಪ್ಪದೆ ಇದ್ದವನು ಕಟ್ಟಿದ ಕಮಾನು ಕಮಾನೇ ಅಲ್ಲ, ಅದೊಂದು ಅವಮಾನ ಎಂದು ಅವಳು ರೂಲಫನಿಗೆ ಬಹಳ ಗೌರವದಿಂದ ವಿವರಿಸಿದಳು. "ಒಪ್ಪಿ ಕಟ್ಟಿದ್ದು ಗೇಟಿಗೆ ಇರಲಿ, ಒಪ್ಪದೆ ಕಟ್ಟಿದ್ದು ಬಾಗಿಲಿಗೆ ಇರಲಿ. ಬಾಗಿಲು ಮೊದಲ ನೆರೆಯದು," ಎಂದ ರೂಲಫ್. ಬರುವವರೆಲ್ಲ ಆರು ಬಣ್ಣದ ಕೆಳಗೆ ಹಾದು, ಬಿಳಿಯ ಕೆಳಗೆ ಒಳಹೋಗುವ ಏರ್ಪಾಡಾಯಿತು.

ಶುಕ್ರವಾರ ವೋಲ್ಟರ್ ಹೇಳಿದ ಹಾಗೆಯೇ ಮನೆಯಲ್ಲಿ ಉಳಿದ. ಗೇಸ್ಯೆ ಮಾತ್ರ ಬೆಳಿಗ್ಗೆಯೇ ಕಪ್ಪು ರೇಷ್ಮೆ ಉಟ್ಟು ಗಾಲಿಕುರ್ಚಿಯಲ್ಲಿ ಸಿದ್ಧವಾಗಿದ್ದಳು.

"ಅಮ್ಮಾ, ಸಭೆಯವರು ಏನಂತಾರೆ?"

"ಹೆಂಗಸರಿಗೆ ಸಭೆಯಲ್ಲಿ ಬಾಯಿಲ್ಲ ಅಂತ ನೀವೇ ಅಲ್ವಾ ಹೇಳೋದು? ಬಾಯಿಲ್ಲದವಳು ಹೋದ್ರೆ ಅದು ಯಾರ ಮಾತೂ ಆಗಲ್ಲ. ತಳ್ಳು."

ಅವನು ತಳ್ಳಿದ, ಅವರ ಗೇಟಿನವರೆಗೆ. ಅಲ್ಲಿಂದ ಮುಂದೆ ಸ್ಟೈನ್ ತಳ್ಳಿದ. ತಾಯಿ ತಾನೇ ಕಟ್ಟಿದ ಗುಲಾಬಿಗಳ ಕೆಳಗೆ ತಲೆಯೆತ್ತಿ ನೋಡುತ್ತ ಒಳಹೋಗಿ, ಮದುಮಕ್ಕಳ ಪಕ್ಕದ ಮೊದಲ ನೆರೆಯ ಜಾಗದಲ್ಲಿ ಕುಳಿತು, ಎರಡು ಲೋಟ ಜಿನೇವರ್ ಮದ್ಯ ಕುಡಿದಳೆಂದು ಆಮೇಲೆ ಸುದ್ದಿ ಬಂತು.

ಬಂಡೆ ಜಾರಿದ್ದನ್ನು ಸಭೆ ಸಹಿಸಲಿಲ್ಲ. ವೋಲ್ಟರ್ ಸದ್ಯಕ್ಕೆ ಹಿರಿಯರ ಬೆಂಚಿನಿಂದ 'ವಿಶ್ರಾಂತಿ' ಪಡೆದರೆ ಒಳಿತು ಎಂದು ಪಾದ್ರಿಗಳು ಬಂದು ಮೃದುವಾಗಿ ಹೇಳಿದರು. ಅವನು ಹಿಂದಿನ ಸಾಲಿಗೆ ಹೋಗಿ ಕುಳಿತ. ಅಲ್ಲಿ ಗಾಳಿ ಬೀಸುತ್ತಿತ್ತು, ಪೆಪ್ಪರ್‌ಮಿಂಟು ಅಲ್ಲಿಯವರೆಗೆ ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಕುಳಿತ ಜಾಗ ಹೋದದ್ದಕ್ಕೆ ಅವನಿಗೆ ನಿಜವಾಗಿ ನೋವಾಯಿತು. ಹೆರ್ಮೀನ್ ದಾರಿಯಲ್ಲಿ ಸಿಕ್ಕರೆ 'ನಮಸ್ಕಾರ ವೋಲ್ಟರ್, ನೀವು ಆರೋಗ್ಯವೇ' ಎನ್ನುತ್ತಿದ್ದಳು. ಅದು ಬೆಂಚಿಗಿಂತ ಹೆಚ್ಚು ಚುಚ್ಚುತ್ತಿತ್ತು.

ಅಕ್ಟೋಬರಿನಲ್ಲಿ ಗೇಸ್ಯೆ ಸತ್ತಳು. ಬೆಳಗಿನ ಕಾಫಿ ಮುಗಿಸಿ, ಕಿಟಕಿಯ ಬಳಿ, ರೂಲಫ್ ಎಂದಿನಂತೆ ಪತ್ರಿಕೆಯ ಮರಣವಾರ್ತೆ ಓದಿ ಹೇಳುತ್ತಿದ್ದಾಗಲೇ. "ಮುಂದಿನದು ಓದು" ಎಂದಳಂತೆ. ಅವನು ಪುಟ ತಿರುಗಿಸುವಷ್ಟರಲ್ಲಿ ಹೋಗಿದ್ದಳು.

ಯಾರೂ ಯಾರನ್ನೂ ಏನೂ ಕೇಳಲಿಲ್ಲ. ರೂಲಫ್ ಸಾವಿನ ಮನೆಯ ಪದ್ಧತಿಯಂತೆ ಗಡಿಯಾರ ನಿಲ್ಲಿಸಿದ, ಕಪ್ಪು ಕೋಟು ತೊಟ್ಟು ಮನೆಮನೆಗೆ ಸುದ್ದಿ ಹೇಳಲು ಹೊರಟ. ಮೈ ತೊಳೆದು ಬಟ್ಟೆ ಉಡಿಸಲು ಸ್ಟೈನ್ ಬಂದ, ಮೂರನೆಯ ಮನೆಯ ಹೆಣ್ಣಾದ್ದರಿಂದ ಹೆರ್ಮೀನಳೂ ಬರಬೇಕಾಯಿತು. ಬಿಸಿನೀರು ತಂದುಕೊಟ್ಟ ವೋಲ್ಟರ್‌ನನ್ನು ನೋಡಿ ಅವಳು, "ಹೋಗಿ ಕೂತ್ಕೋ ಹೋಗು, ಇಲ್ಲಿ ನಿಂಗೇನು ಕೆಲಸ," ಎಂದಳು. ಅಷ್ಟು ತಿಂಗಳ ಮೇಲೆ ಆ ಏಕವಚನ ಕೇಳಿ ವೋಲ್ಟರ್‌ಗೆ ಅಳು ಬಂತು.

ಸಂಜೆ ಪಾದ್ರಿಗಳು ಬಂದರು. ದೇವರ ವಾಕ್ಯ ಓದಿದರು, ಪ್ರಾರ್ಥನೆ ಮಾಡಿದರು, ಒಂದು ಬಿಸ್ಕತ್ತು ತಿಂದರು. ಆಮೇಲೆ ಕೆಮ್ಮಿದರು.

"ಪೆಟ್ಟಿಗೆಯ ತಲೆಯ ಕಡೆ ಯಾರು ಹೊರುತ್ತಾರೆ, ಸಹೋದರ?"

"ಮೊದಲ ನೆರೆಯವರು. ಇಬ್ಬರೂ."

"ಅದು ಸಭೆಯ ಕಣ್ಣಿಗೆ ಸ್ವಲ್ಪ ಕಷ್ಟವಾಗಬಹುದು. ಅವರು ಎಲ್ಲರಿಗಿಂತ ಮುಂದೆ ನಡೆದು, ನಾನು ಬೈಬಲ್ ಹಿಡಿದು ಹಿಂದೆ ಬರುವುದು ಅಂದರೆ, ನೀವೇ ಯೋಚಿಸಿ. ಅವರನ್ನು ಕಾಲಿನ ಕಡೆಗೆ ಹಾಕಿದರೆ ಹೇಗೆ?"

ಒಳಕೋಣೆಯಲ್ಲಿ ತಾಯಿ ಮಲಗಿದ್ದಳು. ವೋಲ್ಟರ್ ಆ ಕಡೆ ಒಮ್ಮೆ ನೋಡಿದ. ಬಾಯಿಗೆ ಬೈಗುಳ ಬಂದಿತ್ತು, ಬಂದಂತೆಯೇ ಇನ್ನೊಂದು ಮಾತಾಯಿತು.

"ನೀವು ಬರಲೇಬೇಕು ಅಂತಿಲ್ಲ ಪಾದ್ರಿಗಳೇ," ಎಂದ ಬಹಳ ಸಭ್ಯವಾಗಿ. "ನಿಮ್ಮ ಮನಸ್ಸಾಕ್ಷಿ ನಿಮ್ಮದು. ನಮಗೆ ಅರ್ಥ ಆಗುತ್ತೆ. ಪುರಸಭೆಯ ನಿರ್ಣಯವೂ ಇದೆ."

ಪಾದ್ರಿಗಳ ಮುಖ ಕೆಂಪಾಯಿತು. "ಬರಬೇಕಿಲ್ಲವೇ? ಗೇಸ್ಯೆ ಹಾಲಿಂಕಳಿಗೆ ನಾನು ಇಪ್ಪತ್ತೆರಡು ವರ್ಷದ ಪಾದ್ರಿ. ಅವಳನ್ನು ಮಣ್ಣಿಗೆ ಕೊಡುವಾಗ ನಾನಿರಬಾರದು ಅನ್ನೋಕೆ ನೀವು ಯಾರು?"

"ನಾನೇನೂ ಅನ್ನಲಿಲ್ಲ. ಬೇಡ ಅಂದೆ ಅಷ್ಟೇ."

ಪಾದ್ರಿಗಳು ಬಂದರು. ಎಲ್ಲರಿಗಿಂತ ಮೊದಲೇ ಬಂದು, ಮಳೆಯಲ್ಲಿ ಟೋಪಿಯಿಲ್ಲದೆ, ಪೆಟ್ಟಿಗೆಯ ಹಿಂದೆ ನಡೆದರು. ಮುಂದೆ ತಲೆಯ ಕಡೆ ಒಂದು ಹೆಗಲು ರೂಲಫನದು, ಒಂದು ಸ್ಟೈನ್‌ನದು. ದೊಡ್ಡ ಬಾಗಿಲಿನಿಂದ ಹೊರಗೆ ತರುವಾಗ ಪೆಟ್ಟಿಗೆ ಚೌಕಟ್ಟಿಗೆ ತಾಗುವುದರಲ್ಲಿತ್ತು. "ಇನ್ನು ಸ್ವಲ್ಪ ಎಡಕ್ಕೆ," ಎಂದ ವೋಲ್ಟರ್. ಇಬ್ಬರೂ ಎಡಕ್ಕೆ ಸರಿದರು, ತಾಯಿ ಎಲ್ಲೂ ತಾಗದೆ ಮನೆಯಿಂದ ಹೊರಟಳು.

ಜನರೆಲ್ಲ ಕಾಫಿ ಕುಡಿದು ಹೋದಮೇಲೆ ಸ್ಟೈನ್ ಪಾತ್ರೆ ತೊಳೆಯುತ್ತಿದ್ದ. ರೂಲಫ್ ಅದೇ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ವೋಲ್ಟರ್ ಪಾದ್ರಿಗಳ ಕಥೆ ಹೇಳಿದ. "ನಿನ್ನ ಮಾತೇ ಕಣೋ ಅದು. ಬೇಡ ಅಂದೆ, ಓಡಿ ಬಂದ್ರು. ಎಲ್ಲಿ ಕಲಿತೆ ಅದನ್ನ?"

ರೂಲಫ್ ಕಿಟಕಿಯ ಬಳಿಯ ಖಾಲಿ ಕುರ್ಚಿ ನೋಡಿದ. ಸ್ಟೈನ್ ನಲ್ಲಿ ನಿಲ್ಲಿಸಿದ.

"ಗೇಸ್ಯಜ್ಜಿ ಹೇಳಿಕೊಟ್ಟಿದ್ದು," ಎಂದ ರೂಲಫ್. "ನಾನು ನಿಮ್ಮ ಹತ್ರ ಬರೋ ಹಿಂದಿನ ದಿನ, ಪೇಪರ್ ಓದೋವಾಗ ಕೇಳಿದ್ದೆ, ಹೇಗೆ ಹೇಳಲಿ ಅಜ್ಜಿ ಅಂತ. 'ಕಟ್ಟು ಅಂದ್ರೆ ಬೈಬಲ್ ತೆಗೀತಾನೆ. ಬೇಡ ಅನ್ನು, ಕೊಡಲಿ ತೆಗೀತಾನೆ' ಅಂದ್ರು."

ವೋಲ್ಟರ್ ಸಿಟ್ಟು ಮಾಡೋಣವೆಂದರೆ ಸಿಟ್ಟಿಗೆ ಗುರಿಯಾಗಬೇಕಾದವಳು ಮಣ್ಣಿನಲ್ಲಿದ್ದಳು, ತಾನು ಬಯಸಿದ ಹೆಗಲುಗಳ ಮೇಲೇ ಹೋಗಿ. ಕೊನೆಗೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು ಇಬ್ಬರ ಮುಂದೆಯೂ ಹಿಡಿದ.

"ನಮ್ಮದು ಆಗಲೇ ಆಯ್ತು," ಎಂದ ಸ್ಟೈನ್, ಊರಿನ ಪದ್ಧತಿ ಬಲ್ಲವನಾಗಿ.

"ಗೊತ್ತು," ಎಂದ ವೋಲ್ಟರ್. "ಇನ್ನೊಂದು ತಗೊಳ್ಳಿ."